14 ತಿಂಗಳು ಮೂಲೆ ಸೇರಿದ್ದ ಅಕ್ಕನ ಗಾಲಿಕುರ್ಚಿ

ಆಪರೇಷನ್ ಆದಮೇಲೆ ಅಕ್ಕ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಅವಳ ಬ್ಯಾಟರಿ ಗಾಲಿಕುರ್ಚಿ 14 ತಿಂಗಳು ಮೂಲೆಯಲ್ಲೇ ನಿಂತಿತ್ತು. ಇನ್ನು ಕೂರಬಹುದು ಎಂದು ಡಾಕ್ಟರು ಹೇಳಿದ ದಿನ ಧೂಳು ಒರೆಸಿ ಬಟನ್ ಒತ್ತಿದರೆ ಒಂದು ದೀಪವೂ ಹತ್ತಲಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಅಷ್ಟೇ. ರಿಪೇರಿಯವರೊಬ್ಬರು ಫೋನಿನಲ್ಲೇ "ಕಂಟ್ರೋಲರ್ ಹೋಗಿದೆ, ಬದಲಾಯಿಸಬೇಕು" ಅಂದುಬಿಟ್ಟರು. ಮೋಟಾರುಗಳಿಗೆ ಕರೆಂಟ್ ಹಂಚುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಕಂಟ್ರೋಲರ್. ಕುರ್ಚಿಯನ್ನು ಕಣ್ಣಲ್ಲಿ ನೋಡದೆ ಹೇಳಿದ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಖರ್ಚಿಲ್ಲದ ಕಡೆಯಿಂದ ಹುಡುಕುತ್ತಾ ಬಂದೆ.

ಸರ್ಕ್ಯೂಟ್ ಬ್ರೇಕರ್ ಸರಿಯಿತ್ತು. ಜಾಯ್‌ಸ್ಟಿಕ್‌ನ ಪ್ಲಗ್ ಬಿಗಿಯಾಗಿತ್ತು. ಚಾರ್ಜರಿನ ದೀಪ ಮಾತ್ರ ಚಾರ್ಜ್ ಆಗುವಾಗಿನ ಬಣ್ಣಕ್ಕೆ ತಿರುಗುತ್ತಲೇ ಇರಲಿಲ್ಲ, ನನಗೆ ಸುಳಿವು ಸಿಕ್ಕಿದ್ದು ಅಲ್ಲೇ. ಈ ಕುರ್ಚಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಅಂದರೆ ಒಂದರ ಹಿಂದೊಂದು ಸೇರಿ 24 ವೋಲ್ಟ್ ಕೊಡುತ್ತವೆ. ವೋಲ್ಟೇಜ್ ತೀರಾ ಇಳಿದಿದ್ದರೆ ಸ್ಮಾರ್ಟ್ ಚಾರ್ಜರ್ ಶುರುವೇ ಆಗುವುದಿಲ್ಲ. ಎರಡನ್ನೂ ಸೇರಿಸಿ ಅಳೆದಾಗ ಮಲ್ಟಿಮೀಟರ್ 17.3 ತೋರಿಸಿತು. ಒಂದೊಂದನ್ನೇ ಅಳೆದೆ: ಒಂದರಲ್ಲಿ 12.1, ಇನ್ನೊಂದರಲ್ಲಿ ಬರೀ 5.2. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ ಹೆಚ್ಚುಕಡಿಮೆ 12.8 ತೋರಿಸಬೇಕು. ಸೀಸದ ಬ್ಯಾಟರಿ ಬರಿದಾಗಿ ತಿಂಗಳುಗಟ್ಟಲೆ ಕೂತರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. 5.2ಕ್ಕೆ ಇಳಿದದ್ದನ್ನು ಎಬ್ಬಿಸುವ ಸಾಹಸಕ್ಕೆ ನಾನು ಕೈಹಾಕಲಿಲ್ಲ. ಅಕ್ಕ ರಸ್ತೆ ದಾಟುವ ಬಂಡಿ ಅದು, ಅರ್ಧದಲ್ಲಿ ನಿಲ್ಲಬಾರದು.

ಎರಡನ್ನೂ ಬದಲಾಯಿಸಿದೆ. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಹಳೆಯದು ಬೇಗ ಬರಿದಾಗುತ್ತದೆ, ಚಾರ್ಜ್ ಮಾಡುವಾಗಲೂ ಎರಡೂ ಸಮನಾಗಿ ತುಂಬುವುದಿಲ್ಲ. ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದುಕೊಂಡೆ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ, ಮೊದಲು ನೆಗೆಟಿವ್ ಬಿಚ್ಚಿದೆ. ಎರಡು ಟರ್ಮಿನಲ್‌ಗೂ ಒಟ್ಟಿಗೇ ಲೋಹ ತಾಗಿದರೆ ಕೈ ಸುಟ್ಟುಹೋಗುವಷ್ಟು ಕರೆಂಟ್ ಹರಿಯುತ್ತದೆ.

ದೀಪಗಳೇನೋ ಹತ್ತಿದವು, ಕುರ್ಚಿ ಮಾತ್ರ ಕದಲಲಿಲ್ಲ. ಒಂದು ದೀಪ ಮಿಣುಕುತ್ತಿತ್ತು. ಎಷ್ಟು ಸಲ ಮಿಣುಕುತ್ತದೆಂದು ಎಣಿಸಿ ಕೈಪಿಡಿ ನೋಡಿದರೆ, ಎಡಗಡೆಯ ಬ್ರೇಕ್ ಎಂದಿತ್ತು. ಕೈಯಿಂದ ತಳ್ಳಲು ಬ್ರೇಕ್ ಬಿಡಿಸುವ ಲಿವರ್ ಎರಡೂ ಕಡೆ ಮೋಟಾರಿನಿಂದ ಓಡುವ ಸ್ಥಾನವಾದ ಡ್ರೈವ್‌ನಲ್ಲೇ ಇದ್ದವು. ಆಗ ಕಿವಿಗೊಟ್ಟು ಕೇಳಿದೆ. ಜಾಯ್‌ಸ್ಟಿಕ್ ಒತ್ತಿದೊಡನೆ ಎರಡು ಮೋಟಾರಿನ ಬ್ರೇಕೂ 'ಟಕ್' ಎಂದು ಬಿಡಬೇಕು, ಬಲಗಡೆಯದು ಮಾತ್ರ ಸದ್ದು ಮಾಡುತ್ತಿತ್ತು. ಸೀಟಿನ ಕೆಳಗೆ ಎಡ ಮೋಟಾರಿನ ಕನೆಕ್ಟರ್ ಎಳೆದು ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು! ಮತ್ತೆ ಬ್ಯಾಟರಿಯ ವೈರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚಿಕ್ಕ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಸೇರಿಸಿದೆ. ಟಕ್, ಟಕ್. ಆ ಎರಡನೇ ಸದ್ದಿಗೆ ಅಕ್ಕ ಪಕ್ಕದ ಕೋಣೆಯಿಂದಲೇ "ಬಂತಾ?" ಅಂದಳು.

ಅವಳನ್ನು ತಕ್ಷಣ ಕೂರಿಸಲಿಲ್ಲ. ಚಕ್ರಗಳು ನೆಲಕ್ಕೆ ತಾಗದಂತೆ ಕುರ್ಚಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಹತ್ತು ನಿಮಿಷ ಓಡಿಸಿದೆ. ಆಮೇಲೆ ನಾನೇ ಕೂತು ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತದೋ ನೋಡಿದೆ.

ಈಗ ಅಕ್ಕ ಎಲ್ಲಿಗೂ ಹೋಗದಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡುತ್ತೇವೆ, ಕೋಣೆಯೊಳಗೇ ಎರಡು ಸುತ್ತು ಓಡಿಸುತ್ತೇವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವಳೇ.