ಬೆಳ್ಳಿ ಹೊದ್ದ ಟಿಬೆಟನ್ ಮರದ ಬಟ್ಟಲು: ಗುರುತಿಸುವುದು, ಕಾಪಾಡುವುದು ಹೇಗೆ?

ಹಳೆಯ ಟಿಬೆಟಿನಲ್ಲಿ ಚಹಾ ಬಟ್ಟಲು ಮನೆಗೊಂದಲ್ಲ, ಆಳಿಗೊಂದು. ಚುಬಾ ಎಂಬ ನಿಲುವಂಗಿಯ ಎದೆಯ ಮಡಿಕೆಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಬೆಣ್ಣೆ, ಉಪ್ಪು ಹಾಕಿದ ಚಹಾ ಕುಡಿಯುವುದು ಅದರಲ್ಲೇ, ಹುರಿದ ಬಾರ್ಲಿ ಹಿಟ್ಟಾದ ತ್ಸಂಪಾ ಕಲಸುವುದೂ ಅದರಲ್ಲೇ. ಉಳ್ಳವರು ಒಳಮೈಗೆ ಬೆಳ್ಳಿ ಹೊದಿಸುತ್ತಿದ್ದರು. ಟಿಬೆಟನ್ನರು ನೆಲೆಸಿರುವ ಬೈಲುಕುಪ್ಪೆಗೋ ಹಿಮಾಚಲದ ಧರ್ಮಶಾಲಾ ಊರಿಗೋ ಹೋದಾಗ ಇಂಥದೊಂದು ಕಣ್ಣಿಗೆ ಬಿದ್ದರೆ ಹೀಗೆ ನೋಡಿ.

ಮೊದಲು ಮಗುಚಿ ಹಿಡಿಯಿರಿ. ಒಳ್ಳೆಯ ಬಟ್ಟಲನ್ನು ಕಡೆಯುತ್ತಿದ್ದುದು ಮೇಪಲ್‌ನಂಥ ಮರದ ಗಂಟಿನಿಂದ. ಗಂಟಿನ ಎಳೆ ನೇರ ಹೋಗುವುದಿಲ್ಲ, ಸುಳಿಸುಳಿಯಾಗಿ, ಚುಕ್ಕಿಚುಕ್ಕಿಯಾಗಿ ಹರಡಿರುತ್ತದೆ. ಅದಕ್ಕೇ ಗೋಡೆ ತೆಳುವಾದರೂ ಸುಲಭಕ್ಕೆ ಸೀಳುವುದಿಲ್ಲ. ಕೆಲವು ಗಂಟುಗಳು ವಿಷವನ್ನು ಪತ್ತೆಹಚ್ಚುತ್ತವೆಂಬ ನಂಬಿಕೆಯೂ ಇತ್ತು. ಅಂಥವಕ್ಕೆ ಬೆಲೆ ಬೇರೆಯೇ. ಬಣ್ಣ ಬಳಿದು ಬರೆದ ಎಳೆಯಾದರೆ ಒಂದೇ ನಮೂನೆ ಮರುಕಳಿಸುತ್ತದೆ.

ಆಮೇಲೆ ಬೆಳ್ಳಿ. ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದರೆ ಕೈಕೆಲಸದಲ್ಲಿ ಸುತ್ತಿಗೆಯ ಸಣ್ಣ ತಗ್ಗುಗಳು ಕಾಣುತ್ತವೆ. ಯಂತ್ರದಲ್ಲಿ ತಿರುಗಿಸಿ ಒತ್ತಿದ್ದಾದರೆ ಒಂದರೊಳಗೊಂದು ಸಮನಾದ ಉಂಗುರ ಗೆರೆಗಳು. ಚಹಾ, ಬೆರಳು ತಾಗಿದ ಕಡೆ ಸವೆತ ಹೆಚ್ಚಿರಬೇಕು. ಎಲ್ಲೆಡೆ ಸಮನಾಗಿ ಸವೆದಿದ್ದರೆ ನನಗಂತೂ ಅನುಮಾನ. ಬಿಸಿನೀರು ಹೊಯ್ದರೆ ಬೆಳ್ಳಿಯ ಅಂಚು ತಟ್ಟನೆ ಸುಡುತ್ತದೆ. ಅಂಚಿನಲ್ಲಿ ಹಸಿರು ಕಿಲುಬಿದ್ದರೆ ತಾಮ್ರ ಬೆರೆತಿದೆ ಎಂದರ್ಥ. ಅಯಸ್ಕಾಂತ ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎನ್ನಬೇಡಿ, ಹಿತ್ತಾಳೆಗೂ ಅದು ಅಂಟುವುದಿಲ್ಲ. ಪೇಟೆಯಲ್ಲಿ ‘ಟಿಬೆಟನ್ ಸಿಲ್ವರ್’ ಹೆಸರಲ್ಲಿ ಮಾರುವ ಎಷ್ಟೋ ವಸ್ತುಗಳಲ್ಲಿ ಬೆಳ್ಳಿಯೇ ಇರುವುದಿಲ್ಲ. ಅನುಮಾನವಿದ್ದರೆ ಅಕ್ಕಸಾಲಿಗೆ ತೋರಿಸುವುದೇ ಸರಿ.

ಮನೆಗೆ ತಂದ ಮೇಲೆ ದೊಡ್ಡ ಅಪಾಯ ನಮ್ಮ ಉತ್ಸಾಹವೇ. ದೇವರ ಬೆಳ್ಳಿ ಸಾಮಾನು ತೊಳೆದ ಹಾಗೆ ಇದನ್ನು ನೀರಿಗೆ ಹಾಕಬೇಡಿ. ತಗಡು ಮತ್ತು ಮರದ ನಡುವೆ ನೀರು ನುಸುಳಿದರೆ ಹೊರಬರಲು ದಾರಿಯಿಲ್ಲ. ಮರ ಉಬ್ಬುತ್ತದೆ, ಬೆಳ್ಳಿ ಉಬ್ಬುವುದಿಲ್ಲ. ಸೀಳು ಬರುವುದು ಆಗ. ಹುಣಸೆಹಣ್ಣು, ಟೂತ್‌ಪೇಸ್ಟ್, ಅದ್ದಿ ತೆಗೆಯುವ ಪಾಲಿಶ್ ಮೂರೂ ಬೇಡ. ನಯವಾದ ಚಾಕ್ ಪುಡಿಗೆ ಎರಡು ಹನಿ ನೀರು ಬೆರೆಸಿ, ಹತ್ತಿಯಿಂದ ಬೆಳ್ಳಿಯನ್ನಷ್ಟೇ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಅಂಚಿನ ಹತ್ತಿರ ಹೋಗಬೇಡಿ. ಕೆತ್ತನೆಯ ತಗ್ಗಿನ ಕಪ್ಪನ್ನು ಹಾಗೇ ಬಿಡಿ. ಅದು ಹೋದರೆ ಚಿತ್ತಾರವೇ ಮಸುಕಾಗುತ್ತದೆ, ಬೆಲೆಯೂ ಇಳಿಯುತ್ತದೆ. ಮರಕ್ಕೆ ಒಣ ಬಟ್ಟೆ ಸಾಕು.

ಬಳಸಬಹುದೇ? ತಳದಲ್ಲಿ ಬೂದು ಬಣ್ಣದ ಮೆತ್ತನೆಯ ಬೆಸುಗೆ ಕಂಡರೆ ಅದರಲ್ಲಿ ಸೀಸ ಇರಬಹುದು, ಚಹಾ ಕುಡಿಯಬೇಡಿ.

ಇಡುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿ. ಉಣ್ಣೆ, ರಬ್ಬರ್‌ಗಳಲ್ಲಿ ಗಂಧಕವಿರುವುದರಿಂದ ಬೆಳ್ಳಿ ಬೇಗ ಕಪ್ಪಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೂಸ್ಟು ಗ್ಯಾರಂಟಿ.

ವಿದೇಶದಲ್ಲಿರುವ ಮಕ್ಕಳಿಗೆ ಕೊಟ್ಟು ಕಳಿಸುವ ಯೋಚನೆಯಿದ್ದರೆ ವಯಸ್ಸು ವಿಚಾರಿಸಿ: 100 ವರ್ಷ ದಾಟಿದ ಇಂಥ ಕಲಾವಸ್ತುವನ್ನು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.