ಲೈಂಗಿಕ ದೌರ್ಜನ್ಯ ಪ್ರಕರಣ: ಠಾಣೆಯಿಂದ ತೀರ್ಪಿನವರೆಗೆ ಸರ್ಕಾರಿ ಅಭಿಯೋಜಕರ ಕೆಲಸ ನಡೆಯುವುದು ಹೇಗೆ?

ಅತ್ಯಾಚಾರದ ಪ್ರಕರಣವೊಂದು ದೂರಿನಿಂದ ತೀರ್ಪಿಗೆ ಬರುವಷ್ಟರಲ್ಲಿ ಸರ್ಕಾರದ ಪರವಾಗಿ ಅದನ್ನು ನೋಡಿಕೊಳ್ಳುವವರು ಬದಲಾಗುತ್ತಲೇ ಇರುತ್ತಾರೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು (ಎಪಿಪಿ), ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರು, ಸಂತ್ರಸ್ತೆಗೆ 18 ವರ್ಷ ತುಂಬಿರದಿದ್ದರೆ ಪೋಕ್ಸೊ ನ್ಯಾಯಾಲಯದ ವಿಶೇಷ ಅಭಿಯೋಜಕರು, ಜಾಮೀನು ಅರ್ಜಿ ಮೇಲಕ್ಕೆ ಹೋದರೆ ಹೈಕೋರ್ಟಿನ ಸರ್ಕಾರಿ ಪ್ಲೀಡರ್ ಹೀಗೆ ಕಡತ ಕೈಯಿಂದ ಕೈಗೆ ದಾಟುತ್ತದೆ. ಪ್ರಕರಣದ ಬಿಗಿ ಸಡಿಲುವುದು ಈ ದಾಟುವ ಗಳಿಗೆಗಳಲ್ಲಿಯೇ. ಆದ್ದರಿಂದ ಯಾವ ಹಂತದಲ್ಲಿ ಯಾರು ಏನು ಮಾಡಬೇಕು ಎಂಬುದನ್ನು ಸಂತ್ರಸ್ತೆಯ ಮನೆಯವರೂ ತಿಳಿದಿರುವುದು ಒಳ್ಳೆಯದು.

ಮೊದಲ 24 ಗಂಟೆ

ತನಿಖೆ ಪೊಲೀಸರ ಹೊಣೆ. ಅಭಿಯೋಜಕರು ಅದನ್ನು ನಡೆಸುವಂತಿಲ್ಲವಾದರೂ ತನಿಖಾಧಿಕಾರಿ ಕೇಳಿದರೆ ಕಾನೂನು ಸಲಹೆ ಕೊಡಬಹುದು. ಕೇಳುವ ರೂಢಿ ಇರುವ ಕಡೆ ಕಡತ ಗಟ್ಟಿಯಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಸಂತ್ರಸ್ತೆಯ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು, ಒಪ್ಪಿಗೆ ಪಡೆದು 24 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಕಳುಹಿಸಬೇಕು ಮತ್ತು ವೈದ್ಯರು 7 ದಿನದೊಳಗೆ ವರದಿ ನೀಡಬೇಕು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸುವುದನ್ನೂ ಮುಂದೂಡುವಂತಿಲ್ಲ. ನಮ್ಮ ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ 2014ರಲ್ಲಿ ಈ ನಿರ್ದೇಶನ ನೀಡಿತು: 24 ಗಂಟೆ ಮೀರಿದರೆ ತಡವಾದ ಕಾರಣವನ್ನು ತನಿಖಾಧಿಕಾರಿ ಕೇಸ್ ಡೈರಿಯಲ್ಲಿ ಬರೆಯಬೇಕು.

ಚಾರ್ಜ್‌ಶೀಟ್‌ಗೆ ಮೊದಲು

ಅತ್ಯಾಚಾರ ಪ್ರಕರಣದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ಕರಡು ಆರೋಪಪಟ್ಟಿಯನ್ನು ಅಭಿಯೋಜಕರು ಓದಿ ಲೋಪ ತೋರಿಸಲು ಇದೇ ತಕ್ಕ ಸಮಯ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ಅತ್ಯಂತ ಬೆಲೆಯುಳ್ಳ ಕೆಲಸ ಇದು, ಅತ್ಯಂತ ಅವಸರದಲ್ಲಿ ಆಗುವುದೂ ಇದೇ.

ಒಂದು ಉದಾಹರಣೆ ನೋಡಿ. ಆಸ್ಪತ್ರೆಯಲ್ಲಿ ಸಂಗ್ರಹಿಸಿದ ಬಟ್ಟೆ ಮತ್ತು ಮಾದರಿಗಳನ್ನು ವೈದ್ಯರು ಅರಗಿನ ಮುದ್ರೆ ಹಾಕಿ ಪೊಲೀಸರಿಗೆ ಒಪ್ಪಿಸುತ್ತಾರೆ, ವಶಕ್ಕೆ ಪಡೆದ ವಸ್ತುಗಳನ್ನು ಬರೆದಿಡುವ ಠಾಣೆಯ ಮುದ್ದೆಮಾಲು ಪುಸ್ತಕದಲ್ಲಿ ಅದು ದಾಖಲಾಗುತ್ತದೆ, ಒಬ್ಬ ಕಾನ್‌ಸ್ಟೆಬಲ್ ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಭಿಯೋಜಕರು ವೈದ್ಯರ ಪಟ್ಟಿ, ಠಾಣೆಯ ಪುಸ್ತಕ ಮತ್ತು ಪ್ರಯೋಗಾಲಯದ ಸ್ವೀಕೃತಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ದಿನಾಂಕ, ಪೊಟ್ಟಣಗಳ ಸಂಖ್ಯೆ ಮತ್ತು ಮುದ್ರೆಯ ಗುರುತು ತಾಳೆಯಾಗುತ್ತವೆಯೇ ಎಂದು ನೋಡಬೇಕು. ಪೊಟ್ಟಣ ನಡುವೆ ನಾಲ್ಕು ದಿನ ಎಲ್ಲಿತ್ತು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಡಿಎನ್‌ಎ ವರದಿ ಎಷ್ಟೇ ಸ್ಪಷ್ಟವಾಗಿದ್ದರೂ ಪಾಟೀಸವಾಲಿನಲ್ಲಿ ಅದರ ತೂಕ ಇಳಿಯುತ್ತದೆ. ಒಯ್ದ ಕಾನ್‌ಸ್ಟೆಬಲ್ ಸಾಕ್ಷಿಪಟ್ಟಿಯಲ್ಲಿ ಇರಲೇಬೇಕು.

ಜಾಮೀನು ಮತ್ತು ರಕ್ಷಣೆ

ಆರೋಪಿ ಜಾಮೀನು ಕೇಳಿದಾಗ ಆ ಸಂಗತಿ ಸಂತ್ರಸ್ತೆಗೆ ತಿಳಿಯಬೇಕು, ಏಕೆಂದರೆ ಪ್ರಕರಣದ ಪ್ರತಿ ಹಂತದಲ್ಲಿಯೂ ತನ್ನ ಮಾತು ಹೇಳುವ ಹಕ್ಕು ಆಕೆಗಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅರ್ಜಿ ಹೈಕೋರ್ಟಿನಲ್ಲಿದ್ದರೆ ಕೆಳ ನ್ಯಾಯಾಲಯದ ಅಭಿಯೋಜಕರು ಬೆದರಿಕೆಯ ದೂರುಗಳೂ ಸೇರಿದಂತೆ ಇತ್ತೀಚಿನ ಸ್ಥಿತಿಯನ್ನು ತನಿಖಾಧಿಕಾರಿಯ ಮೂಲಕ ಅಲ್ಲಿನ ಪ್ಲೀಡರಿಗೆ ಮುಟ್ಟಿಸಬೇಕು. ಯಾವ ಅರ್ಜಿಯಲ್ಲಿಯೂ ಆಕೆಯ ಹೆಸರು ಹೊರಬೀಳದಂತೆ ನೋಡಿಕೊಳ್ಳುವುದು ಎಲ್ಲರ ಕರ್ತವ್ಯ.

ಬೆದರಿಕೆ ಇದ್ದರೆ ಸಾಕ್ಷಿ ರಕ್ಷಣೆಗೆ ಅರ್ಜಿ ಹಾಕಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಅನುಮೋದಿಸಿದ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯಿದ್ದು, ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರೇ ಅದರ ಸದಸ್ಯ ಕಾರ್ಯದರ್ಶಿ. ಅರ್ಜಿ ಸಲ್ಲಬೇಕಾದದ್ದು ಅವರ ಮೂಲಕ. ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಲು ತೀರ್ಪಿನವರೆಗೆ ಕಾಯಬೇಕಾಗಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ನಿಗದಿಯಾಗಿದೆ. ಆಪ್ತ ಸಮಾಲೋಚನೆ ಮತ್ತು ತಾತ್ಕಾಲಿಕ ವಸತಿಗೆ ಸಖಿ ಒನ್ ಸ್ಟಾಪ್ ಕೇಂದ್ರಗಳೂ 181 ಸಹಾಯವಾಣಿಯೂ ಇವೆ.

ಸಾಕ್ಷಿ ನುಡಿಯುವ ದಿನ

ಸರ್ಕಾರಿ ಅಭಿಯೋಜಕರು ಸರ್ಕಾರದ ವಕೀಲರೇ ಹೊರತು ಸಂತ್ರಸ್ತೆಯ ಖಾಸಗಿ ವಕೀಲರಲ್ಲ. ಬೇಕಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಅವರಿಗೆ ಸಹಾಯಕರಾಗಿ ಆಕೆ ತನ್ನ ವಕೀಲರನ್ನು ನೇಮಿಸಿಕೊಳ್ಳಬಹುದು. ಹಾಗೆಂದು ಅಭಿಯೋಜಕರು ಆಕೆಯನ್ನು ಮೊದಲ ಬಾರಿಗೆ ಸಾಕ್ಷಿಕಟ್ಟೆಯಲ್ಲಿಯೇ ನೋಡುವಂತಾಗಬಾರದು. ಮುಂಚಿತವಾಗಿ ಒಮ್ಮೆ ಭೇಟಿಯಾಗಿ, ಖಾಲಿ ಇರುವ ಕೋರ್ಟ್ ಹಾಲನ್ನು ತೋರಿಸಿ, ಯಾರು ಎಲ್ಲಿ ಕೂರುತ್ತಾರೆ, ಆರೋಪಿ ಎಲ್ಲಿರುತ್ತಾನೆ, ಪ್ರಶ್ನೆ ಅರ್ಥವಾಗದಿದ್ದರೆ ಏನು ಮಾಡಬೇಕು, ನೀರು ಅಥವಾ ವಿರಾಮ ಕೇಳಬಹುದೇ ಎಂಬುದನ್ನೆಲ್ಲ ಹೇಳಬೇಕು. ಏನು ನುಡಿಯಬೇಕೆಂದು ಮಾತ್ರ ಕಲಿಸುವಂತಿಲ್ಲ. ‘ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೀರಿ ಎಂದರೆ ಸರಿಯೇ?’ ಎಂಬುದು ಪಾಟೀಸವಾಲಿನ ಮಾಮೂಲಿ ಪ್ರಶ್ನೆ. ಅದು ಬರುತ್ತದೆಂದು ಗೊತ್ತಿದ್ದರೆ ಆಕೆ ಕುಗ್ಗುವುದು ಕಡಿಮೆ.

ವಿಚಾರಣೆ ಮುಚ್ಚಿದ ನ್ಯಾಯಾಲಯದಲ್ಲಿ ನಡೆಯಬೇಕು. ಹಿಂದಿನ ಲೈಂಗಿಕ ಅನುಭವವನ್ನು ಕೆದಕಿ ಒಪ್ಪಿಗೆಯಿತ್ತೆಂದು ತೋರಿಸಲು ಹೊರಟರೆ ಅಭಿಯೋಜಕರು ತಕ್ಷಣ ಆಕ್ಷೇಪಿಸಬೇಕು, ಸುಮ್ಮನೆ ಕುಳಿತರೆ ಆ ಪ್ರಶ್ನೋತ್ತರ ದಾಖಲೆಗೆ ಸೇರಿಬಿಡುತ್ತದೆ. ಪೋಕ್ಸೊ ಪ್ರಕರಣದಲ್ಲಿ ಎರಡೂ ಕಡೆಯ ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಮಗುವನ್ನು ಕೇಳುವವರು ನ್ಯಾಯಾಧೀಶರು. ಮಗು ಆರೋಪಿಯ ಎದುರಾಗುವಂತೆಯೂ ಇಲ್ಲ. ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಂಡ 30 ದಿನದೊಳಗೆ ದಾಖಲಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಯಿದೆಯ ಮೇಲೆ ವಾಯಿದೆ ಬಿದ್ದು ಮಗು ಮರಳಿ ಮರಳಿ ಬರುವಂತಾಗದಿರಲು ಆ ದಿನ ಬೇರೆ ಸಾಕ್ಷಿಗಳಿಗೆ ಸಮನ್ಸ್ ಬೇಡವೆಂದು ಅಭಿಯೋಜಕರು ಮೊದಲೇ ಕೋರಬಹುದು.

ತೀರ್ಪಿನ ನಂತರ

ಆರೋಪಿ ಖುಲಾಸೆಯಾದರೆ ಅಭಿಯೋಜಕರು ಮೇಲ್ಮನವಿಯ ಬಗ್ಗೆ ಅಭಿಪ್ರಾಯ ಬರೆದು ಇಲಾಖೆಗೆ ಕಳುಹಿಸುತ್ತಾರೆ. 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಮೇಲ್ವಿಚಾರಣೆ ಅಭಿಯೋಜನಾ ನಿರ್ದೇಶಕರದು. ಸರ್ಕಾರ ಮೇಲ್ಮನವಿ ಹೂಡದಿದ್ದರೂ ಸಂತ್ರಸ್ತೆ ಸ್ವತಃ ಹೂಡಬಹುದು. ಅದಕ್ಕೆ ಉಚಿತ ವಕೀಲರನ್ನು ಕಾನೂನು ಸೇವೆಗಳ ಪ್ರಾಧಿಕಾರ ಒದಗಿಸುತ್ತದೆ, ದೂರವಾಣಿ ಸಂಖ್ಯೆ 15100.