ಬೆನ್ನು ನೆಟ್ಟಗಿರಲಿ, ಉಸಿರಿಗೆ ಜಾಗ ಸಿಗಲಿ

ನಮ್ಮಕ್ಕನ ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್. ಹನ್ನೆರಡು ವರ್ಷದ ಹುಡುಗ, ಚಿಕ್ಕಮಗಳೂರಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಮೊದಲು ಆಸ್ತಮಾ ಅಂತಲೇ ಔಷಧಿ ನಡೆಯಿತು. ಮುತ್ತು ಕೊಟ್ಟರೆ ಕೆನ್ನೆ ಉಪ್ಪುಪ್ಪಾಗಿದೆ ಅಂತ ಅಜ್ಜಿ ಹೇಳುತ್ತಲೇ ಇದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಬೆವರಿನ ಪರೀಕ್ಷೆಯಲ್ಲಿ ಗೊತ್ತಾಯಿತು.

ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟುಹೋದ ಸಿಎಫ್‌ಟಿಆರ್ ಜೀನ್ ಬಂದರೆ ಈ ಕಾಯಿಲೆ ಬರುತ್ತದೆ. ಆ ಜೀನ್ ಪತ್ತೆಯಾಗಿದ್ದು 1989ರಲ್ಲಿ. ಅದು ಕೆಟ್ಟಾಗ ಶ್ವಾಸಕೋಶದ ಕಫ ಹಲಸಿನ ಮೇಣದ ಹಾಗೆ ಅಂಟಿಕೊಂಡು ಕೂರುತ್ತದೆ, ಅದರಲ್ಲಿ ಸೋಂಕು ಬೆಳೆಯುತ್ತದೆ.

ಕೆಮ್ಮಿ ಕೆಮ್ಮಿ ಮಕ್ಕಳು ಮುಂದಕ್ಕೆ ಬಾಗುತ್ತಾರೆ. ಗಾಳಿ ಒಳಗೇ ಸಿಕ್ಕಿಕೊಂಡು ಎದೆ ಉಬ್ಬುತ್ತದೆ, ಭುಜ ಮುಂದೆ ಬರುತ್ತದೆ, ಪಕ್ಕೆಲುಬು ಬಿಗಿಯಾಗುತ್ತದೆ, ಆಮೇಲೆ ಬೆನ್ನುನೋವು. ಬೆನ್ನು ನೋಯುವ ಮಗು ಜೋರಾಗಿ ಕೆಮ್ಮುತ್ತದೆಯೇ? ಕಫ ಅಲ್ಲೇ ಉಳಿಯುತ್ತದೆ. ಬೆನ್ನು ನೆಟ್ಟಗಾದರೆ ಕಾಯಿಲೆ ವಾಸಿಯಾಗಲ್ಲ, ನಿಜ. ಆದರೆ ಈ ಸುತ್ತು ಎಲ್ಲಾದರೂ ಒಂದು ಕಡೆ ಮುರಿಯಬೇಕಲ್ವಾ, ನಾವು ಬೆನ್ನಿಂದ ಶುರುಮಾಡಿದೆವು.

ಮೊದಲು ಗೋಡೆ. ಹಿಮ್ಮಡಿ, ಸೊಂಟದ ಹಿಂಭಾಗ, ಭುಜ, ತಲೆ ಗೋಡೆಗೆ ತಾಗಿಸಿ ನಿಲ್ಲಲು ಹೇಳಿ. ನಮ್ಮವನ ತಲೆಗೂ ಗೋಡೆಗೂ ಮೂರು ಬೆರಳು ಸಂದಿ ಇತ್ತು! ಬಲವಂತವಾಗಿ ಒತ್ತಬೇಡಿ. ಆಮೇಲೆ ಟವೆಲನ್ನು ಉದ್ದಕ್ಕೆ ಸುತ್ತಿ ಚಾಪೆ ಮೇಲಿಟ್ಟು, ಬೆನ್ನುಮೂಳೆ ಅದರ ಮೇಲೆ ಬರುವಂತೆ ಮಲಗಿಸಿ, ಎರಡೂ ಕೈ ಅಗಲ ಚಾಚಿ, ನಿಧಾನವಾಗಿ ಉಸಿರಾಡಲಿ. ಐದು ನಿಮಿಷ ಸಾಕು. ಮೊದಲ ದಿನ ‘ಚಿಕ್ಕೀ, ಎದೆ ಎಳೀತಿದೆ’ ಅಂದ. ಎಳೆದರೆ ಪರವಾಗಿಲ್ಲ, ನೋಯಬಾರದು.

ಆಮೇಲೆ ಓಡಾಟ. ಉಸಿರಿನ ದಾರಿ ಅಗಲ ಮಾಡುವ ಇನ್ಹೇಲರ್ ಕೊಟ್ಟಿದ್ದರೆ ಅದು ಮೊದಲು. ಜೋರು ನಡಿಗೆ, ಸೈಕಲ್, ಸ್ಕಿಪ್ಪಿಂಗ್, ಏನಾದರೂ ಸರಿ, ಮಗುವಿಗೆ ಇಷ್ಟವಾದದ್ದನ್ನೇ ಆರಿಸಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಹೊಟ್ಟೆನೋವು ಶುರುವಾಗುತ್ತದೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಜೋರಿರಲಿ. ಮಳೆಗಾಲದಲ್ಲಿ ನಮ್ಮೂರಲ್ಲಿ ಹೊರಗೆ ಕಾಲಿಡೋಕಾಗಲ್ಲ, ಆಗ ಮನೆಯ ಮೆಟ್ಟಿಲೇ ಗತಿ. ಕಾಫಿ ಕಣದ ಧೂಳು, ಗೊಬ್ಬರಗುಂಡಿ, ಮುಗ್ಗಲು ಹುಲ್ಲಿನ ಹತ್ತಿರ ಮಾತ್ರ ಬೇಡ. ಅಲ್ಲಿನ ಬೂಷ್ಟು ಈ ಮಕ್ಕಳ ಶ್ವಾಸಕೋಶಕ್ಕೆ ಆಗಿಬರಲ್ಲ.

ಓಡಾಡಿದಾಗ ಕಫ ಸಡಿಲವಾಗುತ್ತದೆ. ಆಗ ಸುಮ್ನೆ ಕೂರಿಸಬೇಡಿ, ಅದನ್ನು ತೆಗೆಸಿ. ಮೂರು ನಾಲ್ಕು ಸಲ ಆಳವಾಗಿ ಉಸಿರಾಡಿ, ಕನ್ನಡಿ ಮಬ್ಬು ಮಾಡುವ ಹಾಗೆ ಬಾಯಿ ತೆರೆದು ‘ಹಾ’ ಅಂತ ಗಾಳಿ ಹೊರದಬ್ಬಬೇಕು. ಫಿಸಿಯೋಗಳು ಇದಕ್ಕೆ ಹಫ್ ಅನ್ನುತ್ತಾರೆ. ನಡುವೆ ಮೆಲ್ಲಗೆ ಉಸಿರಾಡಿ ಸುಧಾರಿಸಿಕೊಳ್ಳಲಿ. ಒಮ್ಮೆ ಫಿಸಿಯೋ ಎದುರಿಗೇ ಕಲಿತರೆ ಒಳ್ಳೆಯದು. ಆಂಟಿಬಯೋಟಿಕ್ ನೆಬ್ಯುಲೈಜರ್ ಇದ್ದರೆ ಕಫ ಬಂದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಔಷಧಿ ಕಫದ ಮೇಲೇ ಕೂರುತ್ತದೆ.

ಇನ್ನು ಉಪ್ಪು. ಇವರ ಬೆವರಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ, ಆದರೂ ಬಾಯಾರಿಕೆ ಅಷ್ಟಾಗಿ ಗೊತ್ತಾಗಲ್ಲ. ಹಾಗಾಗಿ ಕೇಳುವವರೆಗೆ ಕಾಯಬೇಡಿ, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಎಷ್ಟು ಉಪ್ಪು ಅಂತ ಡಾಕ್ಟರನ್ನು ಕೇಳಿ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಇನ್ನೊಂದು ಮಗುವಿನ ಜೊತೆ ಆಡಿಸಬೇಡಿ, ಒಬ್ಬರ ಸೋಂಕು ಇನ್ನೊಬ್ಬರಿಗೆ ಹಬ್ಬುತ್ತದೆ, ಆರಡಿ ದೂರವಾದರೂ ಬೇಕು. ಹೇಳೋಕೆ ಸಂಕಟ, ಆದರೆ ಬೇರೆ ದಾರಿಯಿಲ್ಲ.

ಕಫದಲ್ಲಿ ರಕ್ತ, ಇದ್ದಕ್ಕಿದ್ದಂತೆ ಎದೆನೋವು, ತುಟಿ ನೀಲಿ: ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಜ್ವರ ಬಂದರೆ ವ್ಯಾಯಾಮಕ್ಕೆ ರಜೆ, ಡಾಕ್ಟರಿಗೆ ಫೋನ್.

ಸ್ಪೈರೋಮೆಟ್ರಿಯಲ್ಲಿ ಮೊದಲ ಒಂದು ಸೆಕೆಂಡಲ್ಲಿ ಎಷ್ಟು ಗಾಳಿ ಊದಿದ ಅಂತ ಅಳೆಯುತ್ತಾರೆ. ಆ ಅಂಕಿಯನ್ನು ಅವನೇ ಅಡುಗೆಮನೆ ಕ್ಯಾಲೆಂಡರಲ್ಲಿ ಬರೆದಿಡುತ್ತಾನೆ. ಏರಿಲ್ಲ, ಆದರೆ ಇಳಿದೂ ಇಲ್ಲ. ಈಗ ರತ್ನಗಿರಿ ಬೋರೆಯ ಏರನ್ನು ನಡುವೆ ಒಂದೇ ಒಂದು ಸಲ ನಿಂತು ಹತ್ತುತ್ತಾನೆ. ಮುಂದೆ ಮುಳ್ಳಯ್ಯನಗಿರಿ ಅಂತೆ. 1930 ಮೀಟರ್ ಕಣೋ, ಮೊದಲು ಡಾಕ್ಟರನ್ನು ಕೇಳೋಣ ಅಂದಿದ್ದೇನೆ. ಅವನು ಆಗಲೇ ಶೂ ಆರಿಸಿಕೊಂಡಿದ್ದಾನೆ.